ನೈರೋಬಿಯ ಇನ್ನೂರು ಶಿಲ್ಲಿಂಗು

ನಮ್ಮ ಯಜಮಾನರಿಗೆ ಲೆಕ್ಕದ ಚಟ. ಮೂವತ್ತೆರಡು ವರ್ಷ ಅರಮನೆಯ ಲೆಕ್ಕಪತ್ರದ ಕಚೇರಿಯಲ್ಲಿ ಕೂತು ನಿವೃತ್ತರಾದವರು. ಕಚೇರಿ ಬಿಟ್ಟರೂ ಲೆಕ್ಕ ಅವರನ್ನು ಬಿಡಲಿಲ್ಲ. ನಮ್ಮ ಒಂಟಿಕೊಪ್ಪಲಿನಲ್ಲಿ ಯಾರಾದರೂ ತರಕಾರಿ ಕೊಂಡು ಹೋಗುತ್ತಿದ್ದರೆ ತಡೆದು ನಿಲ್ಲಿಸಿ, ಇದೇ ಬದನೆಕಾಯಿ ಪೇಟೆಯಲ್ಲಿ ಸೇರಿಗೆ ಅರ್ಧಾಣೆ ಕಡಿಮೆ ಎಂದು ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಲೆಕ್ಕದ ಕೃಷ್ಣಸ್ವಾಮಿಗಳು ಎದುರಿಗೆ ಬರುತ್ತಿದ್ದಾರೆ ಎಂದರೆ ಹೆಂಗಸರು ಕೈಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಉತ್ಪ್ರೇಕ್ಷೆಯಲ್ಲ, ನಾನೂ ಮುಚ್ಚಿಕೊಂಡಿದ್ದೇನೆ.

ಇದು ಐವತ್ತಮೂರನೆಯ ಇಸವಿಯ ಮಾತು. ಆಗ ನಮ್ಮ ಹಿತ್ತಲ ಕಡೆಯ ಎರಡು ಕೋಣೆಯಲ್ಲಿ ವಸಂತಮ್ಮ ಬಾಡಿಗೆಗೆ ಇದ್ದಳು. ವರುಣದ ಕಡೆಯ ಒಕ್ಕಲು ಮನೆತನದ ಹುಡುಗಿ, ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಗಂಡ ದೇವರಾಜು ನೈರೋಬಿಯಲ್ಲಿ ರೈಲ್ವೆ ವರ್ಕ್‌ಶಾಪಿನ ಫಿಟ್ಟರು. ಪ್ರತಿ ತಿಂಗಳೂ ಇನ್ನೂರು ಶಿಲ್ಲಿಂಗು ಮನಿಯಾರ್ಡರ್ ಮಾಡುತ್ತಿದ್ದ. ನಮ್ಮ ಲೆಕ್ಕದಲ್ಲಿ ಅದು ನೂರಮೂವತ್ತಮೂರು ರೂಪಾಯಿ ಐದಾಣೆ ಚಿಲ್ಲರೆ. ಆ ದುಡ್ಡಿನಲ್ಲಿ ಅವಳು ಒಂದು ಎಮ್ಮೆ ಕೊಂಡು ಹಿತ್ತಲಲ್ಲಿ ಕಟ್ಟಿದ್ದಳು. ಬೀದಿಯ ಏಳು ಮನೆಗೆ ಅವಳದೇ ಹಾಲು, ಮೊದಲನೆಯ ಮನೆ ನಮ್ಮದು. ಹಿಂಡಿ, ಹತ್ತಿಬೀಜಕ್ಕೆ ಒಂದು ದಿನವೂ ಕೈ ಬಿಗಿ ಹಿಡಿದವಳಲ್ಲ. ಆ ಹಾಲಿನ ಕಾಫಿಯನ್ನು ನಾನು ಇವತ್ತಿಗೂ ಮರೆತಿಲ್ಲ.

ಒಂದು ದಿನ ಟಪಾಲಿನ ಪ್ರಭುಸ್ವಾಮಿ ಬಂದು ವಸಂತಮ್ಮನಿಂದ ಸಹಿ ಹಾಕಿಸಿಕೊಂಡು, ನೋಟು ಎಣಿಸಿಕೊಟ್ಟು, ಅವಳು ಕೊಟ್ಟ ಕಾಫಿ ಕುಡಿದು, ನಾಲ್ಕಾಣೆ ಇನಾಮು ತೆಗೆದುಕೊಂಡು ಹೋದ. ಜಗಲಿಯ ಮೇಲೆ ಕೂತಿದ್ದ ಯಜಮಾನರ ಕಣ್ಣಿಗೆ ಆ ನಾಲ್ಕಾಣೆ ಬಿತ್ತು. ಅಲ್ಲಿಂದ ಶುರುವಾಯಿತು.

“ಮನಿಯಾರ್ಡರಿಗೆ ಅಲ್ಲಿ ಎಷ್ಟು ಹಿಡೀತಾರಮ್ಮ?” ಎಂದು ಅವಳನ್ನು ಕರೆದು ಕೇಳಿದರು.

“ನಾಕು ಶಿಲ್ಲಿಂಗು ಅಂತ ಬರ್ದಿದ್ರು ಸ್ವಾಮಿ.”

“ನಾಲ್ಕಾ!” ಎಂದು ಇವರು ಎದ್ದು ನಿಂತೇಬಿಟ್ಟರು.

ಒಂದು ವಾರ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ಬ್ಯಾಂಕಿಗೆ ಹೋಗಿ ವಿಚಾರಿಸಿದರು, ದೊಡ್ಡ ಅಂಚೆ ಕಚೇರಿಯಲ್ಲಿ ವಿಚಾರಿಸಿದರು, ಆಫ್ರಿಕಾದಿಂದ ರಜಕ್ಕೆ ಬಂದಿದ್ದ ಯಾರನ್ನೋ ರೈಲ್ವೆ ಸ್ಟೇಷನ್ನಿನವರೆಗೂ ಹಿಂಬಾಲಿಸಿ ವಿಚಾರಿಸಿದರು. ಕೊನೆಗೆ ಫುಲ್‌ಸ್ಕೇಪ್ ಕಾಗದದಲ್ಲಿ ಕೆಂಪು ಶಾಯಿಯ ಗೆರೆ ಎಳೆದು ಪಟ್ಟಿ ಮಾಡಿದರು. ಮನಿಯಾರ್ಡರ್ ಒಂದು ಕಡೆ, ಬ್ಯಾಂಕ್ ಡ್ರಾಫ್ಟು ಒಂದು ಕಡೆ. ಅಲ್ಲಿನ ಸೇಟು ದುಡ್ಡು ತೆಗೆದುಕೊಂಡು ಇಲ್ಲಿನ ಸೇಟು ಕೊಡುವ ದಾರಿಯೂ ಒಂದಿತ್ತು. ಎಲ್ಲಕ್ಕಿಂತ ಅಗ್ಗ ಅದೇ. ಆದರೆ ಕಾನೂನಿಗೆ ವಿರುದ್ಧ ಎಂದು ಅದನ್ನು ಎರಡು ಸಲ ಹೊಡೆದು ಹಾಕಿದರು.

“ನೋಡೇ ಅಲಮೇಲು, ಡ್ರಾಫ್ಟಿಗೆ ಒಂದೇ ಶಿಲ್ಲಿಂಗು. ಮೂರು ಶಿಲ್ಲಿಂಗು ಉಳೀತು, ಅಂದ್ರೆ ಎರಡು ರೂಪಾಯಿ. ಪ್ರಭುಸ್ವಾಮಿ ಇನಾಮು ನಾಲ್ಕಾಣೆ. ಅವನ ಕಾಫಿ ಎರಡಾಣೆ. ವರ್ಷಕ್ಕೆ ಇಪ್ಪತ್ತೆಂಟೂವರೆ ರೂಪಾಯಿ ಕಣೇ!”

“ಕಾಫಿ ಪುಡಿ ಜೊತೆ ಸಕ್ಕರೆನೂ ಸೇರಿಸಿದ್ದೀರಾ?” ಎಂದೆ.

“ಸೇರಿಸಿದ್ದೀನಿ,” ಎಂದರು. ನಾನು ಹಂಗಿಸಿದ್ದು ಅವರಿಗೆ ತಿಳಿಯಲಿಲ್ಲ.

ಒಂದೇ ತೊಡಕು, ಡ್ರಾಫ್ಟು ಬರಬೇಕಾದರೆ ಬ್ಯಾಂಕಿನಲ್ಲಿ ಖಾತೆ ಬೇಕು. ವಸಂತಮ್ಮನಿಗೆ ಖಾತೆ ಇಲ್ಲ. ದೇವರಾಜುವಿನ ಅಣ್ಣ ರಾಮಯ್ಯನವರಿಗೆ ಇತ್ತು. ಲಷ್ಕರ್ ಮೊಹಲ್ಲಾದಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ ಮರ್ಯಾದಸ್ಥ ಮನುಷ್ಯ. ಅವರ ಹೆಸರಿಗೆ ಡ್ರಾಫ್ಟು ಬಂದರಾಯಿತು, ಅವರು ತಂದು ಕೊಡುತ್ತಾರೆ, ಜಟಕಾ ಖರ್ಚೂ ಇಲ್ಲ, ಅವರಿಗೆ ಸೈಕಲ್ಲಿದೆ. ಇಷ್ಟನ್ನೂ ಬರೆದು, ಪಟ್ಟಿ ಲಗತ್ತಿಸಿ, ಯಜಮಾನರು ನೈರೋಬಿಗೆ ಕಾಗದ ಹಾಕಿದರು. ವಸಂತಮ್ಮನನ್ನು ಕೇಳಿದಾಗ ಅವಳು ಸೆರಗಿನ ಅಂಚು ತಿರುವುತ್ತಾ, “ದೊಡ್ಡೋರು ನೀವು, ನಿಮ್ಗೆ ಗೊತ್ತಿಲ್ದೇ ಇರ್ತದಾ,” ಎಂದಿದ್ದಳು. ಅದನ್ನು ಒಪ್ಪಿಗೆ ಎಂದುಕೊಂಡೆವು. ನಾನೂ ಹಾಗೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ದೇವರಾಜುವಿನಿಂದ ಎರಡೇ ಸಾಲಿನ ಉತ್ತರ ಬಂತು. ತಮ್ಮ ಅಪ್ಪಣೆಯಂತೆ ಮಾಡುತ್ತೇನೆ ಎಂದು ಬರೆದಿದ್ದ. ಯಜಮಾನರು ಆ ಕಾಗದವನ್ನು ನಾಲ್ಕು ಮನೆಗೆ ತೋರಿಸಿ ಬಂದರು.

ಮೊದಲ ಡ್ರಾಫ್ಟು ಶ್ರಾವಣದಲ್ಲಿ ಬಂತು. ರಾಮಯ್ಯ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಒಂದು ಮೂಟೆ ಅಕ್ಕಿ, ಬೇಳೆ, ಬೆಲ್ಲದ ಅಚ್ಚು, ಒಂದು ಸೀರೆ ತಂದು ಇಳಿಸಿದರು. “ಉಳಿದದ್ದು ನನ್ನ ತಾವ ಜೋಪಾನವಾಗಿ ಅದೆ. ಬೇಕಾದಾಗ ಕೇಳವ್ವ,” ಎಂದು ಹೇಳಿ ಹೋದರು. ತಮ್ಮನ ದುಡ್ಡಿನಲ್ಲಿ ಒಂದು ಕಾಸು ಮುಟ್ಟುವ ಮನುಷ್ಯ ಅವರಲ್ಲ. ಅಕ್ಕಿಯೂ ಒಳ್ಳೆಯ ಅಕ್ಕಿಯೇ.

ಆದರೆ ಎಮ್ಮೆ ಅಕ್ಕಿ ತಿನ್ನುವುದಿಲ್ಲವಲ್ಲ. ಹಾಲಿನ ದುಡ್ಡು ಬಾಡಿಗೆಗೂ ಹುಲ್ಲಿಗೂ ಸರಿಹೋಗುತ್ತಿತ್ತು. ಹಿಂಡಿ ಮುಗಿಯಿತು, ಹತ್ತಿಬೀಜ ಮುಗಿಯಿತು. ನಮ್ಮ ಕಾಫಿಯ ಬಣ್ಣ ಬದಲಾಯಿತು. ಭಾದ್ರಪದದ ಹೊತ್ತಿಗೆ ಏಳು ಮನೆಯಲ್ಲಿ ಮೂರು ಮನೆಯವರು ಬೇರೆ ಕಡೆ ಹಾಲು ಗೊತ್ತುಮಾಡಿಕೊಂಡರು. ನನಗೆ ತಡೆಯಲಾಗಲಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ವಸಂತಮ್ಮ ಎಮ್ಮೆಯ ಮೈ ತಿಕ್ಕುತ್ತಾ ಕಣ್ಣೀರು ಹಾಕುತ್ತಿದ್ದಳು.

“ಹಿಂಡಿಗೆ ದುಡ್ಡು ಕೇಳಿದ್ರೆ ರಾಮಯ್ಯನೋರು ಇಲ್ಲ ಅಂತಾರೇನೇ?” ಎಂದೆ.

“ಇಲ್ಲ ಅನ್ನಾಕಿಲ್ಲ ಅಮ್ಮಾವ್ರೇ. ಯಾತಕ್ಕವ್ವಾ ಅಂತಾರೆ. ಹಿಂಡಿಗೆ ಅಂದ್ರೆ, ಹೋದ ವಾರ ಕೊಟ್ಟಿದ್ನಲ್ಲ ಅಂತಾರೆ. ಬಾವನ ಎದುರ್ಗೆ ನಿಂತು ಮಾತಾಡಿ ಅಭ್ಯಾಸ ಇಲ್ಲ ನಂಗೆ. ಎರಡು ಕಿತಾ ಹೋಗಿ, ಅಂಗಡಿ ಮುಂದೆ ಗಿರಾಕಿಗಳ ಜೊತೆ ನಿಂತ್ಕಂಡು, ಏನೂ ಕೇಳ್ದೇ ವಾಪಸ್ ಬಂದ್ಬುಟ್ಟೆ.” ಮೂಗು ಒರೆಸಿಕೊಂಡಳು. “ಈಗ ಎಮ್ಮೆ ಮಾರ್ಬುಡಾನ ಅಂತವ್ರೆ. ಒಂಟಿ ಹೆಂಗ್ಸಿಗೆ ಈ ರಗಳೆ ಯಾಕೆ, ನಾನೇ ಎಲ್ಲಾ ನೋಡ್ಕತೀನಿ ಅಂದ್ರು. ಬರೋ ಸೋಮವಾರ ಗಿರಾಕಿ ಕರ್ಕಂಡ್ ಬತ್ತಾರಂತೆ.”

ನನಗೆ ಮೈಯೆಲ್ಲ ಉರಿಯಿತು. ಉರಿದದ್ದು ರಾಮಯ್ಯನವರ ಮೇಲಲ್ಲ, ನಿಜ ಹೇಳಬೇಕೆಂದರೆ ಯಜಮಾನರ ಮೇಲೂ ಅಲ್ಲ. ‘ಯಾತಕ್ಕೆ? ಮೊನ್ನೆ ಕೊಟ್ಟಿದ್ದೆನಲ್ಲ?’ ಎಂಬ ಮಾತನ್ನು ಮೂವತ್ತೊಂದು ವರ್ಷದಿಂದ ನಾನೂ ಕೇಳುತ್ತಾ ಬಂದಿದ್ದೆ. ನಮ್ಮ ಮನೆಯ ದುಡ್ಡಿನ ಪೆಟ್ಟಿಗೆಯ ಬೀಗದ ಕೈ ಇರುವುದು ಯಜಮಾನರ ಜನಿವಾರದಲ್ಲಿ. ಇಷ್ಟು ವರ್ಷ ಇದು ನನಗೆ ಒಂದು ವಿಷಯ ಅಂತಲೇ ಅನ್ನಿಸಿರಲಿಲ್ಲವಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಅವತ್ತು ಮಂಗಳವಾರ. ಯಜಮಾನರಿಗೆ ಊಟ ಬಡಿಸಿ ಎಲ್ಲವನ್ನೂ ಹೇಳಿದೆ. ಅವರು ಮಜ್ಜಿಗೆ ಕಲಸಿಕೊಳ್ಳುತ್ತಾ, “ಕೇಳಿದ್ರೆ ಕೊಡ್ತಾರಲ್ಲೇ. ಕೇಳೋಕೆ ಏನು ಖರ್ಚು?” ಎಂದರು.

“ಖರ್ಚು ಎಷ್ಟು ಅಂತ ನೀವೇ ನೋಡಿ. ಭಾನುವಾರದ ತನಕ ಬೀಗದ ಕೈ ನನ್ನ ಹತ್ರ ಇರಲಿ. ಬೇಕಾದ್ದನ್ನ ಕೇಳಿ, ಇಲ್ಲ ಅನ್ನಲ್ಲ.”

ಯಾವುದನ್ನಾದರೂ ಪರೀಕ್ಷೆ ಮಾಡಿ ನೋಡುವುದೆಂದರೆ ಅವರಿಗೆ ಪ್ರಾಣ. ನಗುತ್ತಲೇ ಬಿಚ್ಚಿ ಕೊಟ್ಟರು.

ಬುಧವಾರ ಬೆಳಿಗ್ಗೆ, “ಎರಡಾಣೆ ಕೊಡೇ,” ಎಂದರು.

“ಯಾತಕ್ಕೆ?”

“ನಶ್ಯಕ್ಕೆ.”

“ಭಾನುವಾರ ತಾನೇ ತಂದ್ರಲ್ಲ? ಅಷ್ಟು ಬೇಗ ಮುಗೀತಾ?” ಎಂದು ಕೇಳಿ, ಎರಡಾಣೆ ಎಣಿಸಿ ಕೊಟ್ಟೆ. ಅವರು ನಕ್ಕರು. ಗುರುವಾರ ಕ್ಷೌರಕ್ಕೆ ಕೇಳಿದರು. ತಲೆ ನೋಡಿ, ಇನ್ನೊಂದು ವಾರ ತಳ್ಳಬಹುದು ಎಂದೆ, ಆಮೇಲೆ ಕೊಟ್ಟೆ. ಆಗ ನಗಲಿಲ್ಲ. ಶುಕ್ರವಾರ ಹಳೆಯ ಸ್ನೇಹಿತರೊಬ್ಬರು ಬಂದಿದ್ದರು. ಅವರ ಎದುರಿಗೇ ವೀಳ್ಯದೆಲೆಗೆ ಒಂದಾಣೆ ಕೇಳಬೇಕಾಯಿತು. ನಾನು ಅವರ ಎದುರಿಗೇ “ಯಾತಕ್ಕೆ?” ಎಂದೆ. ಯಜಮಾನರ ಕಿವಿ ಕೆಂಪಾಯಿತು. ಪಾಪ ಅನ್ನಿಸಿತು, ಆದರೂ ಬಿಡಲಿಲ್ಲ.

ಶನಿವಾರ ಸಂಜೆ ಮನೆಯೊಳಗೆ ಹಿಂದೆ ಮುಂದೆ ಓಡಾಡತೊಡಗಿದರು. ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಲ್ಲುವರು, ಗಂಟಲು ಸರಿಮಾಡಿಕೊಳ್ಳುವರು, ತಿರುಗಿ ಹೋಗುವರು. ನಾಲ್ಕನೆಯ ಸಲ ಬಂದಾಗ ನಾನೇ ಕೇಳಿದೆ.

“ಏನಾಗಬೇಕಿತ್ತು?”

“ಆರಾಣೆ.”

“ಯಾತಕ್ಕೆ?”

ನೆಲ ನೋಡುತ್ತಾ ಹೇಳಿದರು. ಪ್ರತಿ ಶನಿವಾರ ವಾಕಿಂಗ್ ಹೋದವರು ಹೋಟೆಲಿನಲ್ಲಿ ಕೂತು ಒಂದು ಮಸಾಲೆ ದೋಸೆ ತಿಂದು ಬರುತ್ತಿದ್ದರಂತೆ. ಇಪ್ಪತ್ತು ವರ್ಷದಿಂದ! ನಾನಿಲ್ಲಿ ಹೊರಗಿನ ತಿಂಡಿ ಮುಟ್ಟದ ಆಚಾರವಂತರೆಂದು ರಾತ್ರಿ ಉಪ್ಪಿಟ್ಟು ಕೆದಕುತ್ತಿದ್ದೆ.

ನನಗೆ ನಗು ತಡೆಯಲಾಗಲಿಲ್ಲ. ಸೌಟು ಕೆಳಗಿಟ್ಟು ನಕ್ಕೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಅವರು ಮಾತ್ರ ನಗಲಿಲ್ಲ. ಮಣೆಯ ಮೇಲೆ ಕೂತರು.

“ಬೇಡ ಅಂತ ಬಿಟ್ಟುಬಿಡೋಣ ಅನ್ನಿಸ್ತು ಕಣೇ. ದುಡ್ಡು ನಂದೇ. ಆದ್ರೂ ಕಾರಣ ಹೇಳಿ ಈಸ್ಕೊಬೇಕು ಅಂದ್ರೆ ಬೇಡವೇ ಬೇಡ ಅನ್ಸುತ್ತೆ.” ಆಮೇಲೆ, “ಆ ಹುಡುಗಿ ಅಂಗಡಿ ತನಕ ಹೋಗಿ ವಾಪಸ್ ಬಂದ್ಳು ಅಂದ್ಯಲ್ಲ. ಪಟ್ಟೀಲಿ ಆ ಅಂಕಣ ನಾನು ಹಾಕಲೇ ಇಲ್ಲ,” ಎಂದರು.

ಮೂವತ್ತೊಂದು ವರ್ಷದಲ್ಲಿ ಅವರ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ ದಿನ ಇನ್ನೊಂದಿಲ್ಲ. ದೋಸೆಗೆ ಹನ್ನೆರಡಾಣೆ, ತಂತಿ ಕೊಡಬೇಕು ಎಂದು ಅವರು ಹೇಳಿದ್ದಕ್ಕೆ ಹತ್ತು ರೂಪಾಯಿ ತೆಗೆದುಕೊಂಡು ನಾನೂ ಅವರ ಜೊತೆ ಹೋಟೆಲಿಗೆ ಹೋದೆ. ದೋಸೆ ಚೆನ್ನಾಗಿತ್ತು.

ಅಲ್ಲಿಂದ ಸೀದಾ ತಂತಿ ಕಚೇರಿಗೆ ಹೋದೆವು. ಯಜಮಾನರು ನೈರೋಬಿಗೆ ತಂತಿ ಬರೆಯಲು ಕೂತರು. ಪದಕ್ಕೆ ಇಷ್ಟು ಎಂದು ದರ. ಮೊದಲು ಇಪ್ಪತ್ತು ಪದ ಬರೆದು, ಒಂದೊಂದನ್ನೇ ಹೊಡೆದು ಹಾಕುತ್ತಾ ಬಂದರು. ತಮ್ಮ ಹೆಸರಿನ ಹಿಂದಿನ ಊರು ಹೋಯಿತು, ‘ದಯವಿಟ್ಟು’ ಹೋಯಿತು. ಮೊದಲಿನ ಹಾಗೆ ಮನಿಯಾರ್ಡರ್ ಕಳಿಸಿ ಎಂಬುದು ಉಳಿಯಿತು. ಕೊನೆಗೆ ‘ನನ್ನ ತಪ್ಪು’ ಎಂದಿತ್ತು. ಅದಿಲ್ಲದೆಯೂ ಅರ್ಥವಾಗುತ್ತದೆ, ದುಡ್ಡು ಉಳಿಯುತ್ತದೆ ಎಂದು ಗುಮಾಸ್ತ ಹೇಳಿದ. “ಅದು ಇರಲಿ,” ಎಂದರು. ಒಂಬತ್ತು ರೂಪಾಯಿ ಚಿಲ್ಲರೆ ಆಯಿತು. ಮರುಮಾತಿಲ್ಲದೆ ಕೊಟ್ಟರು.

ಆದರೆ ನೈರೋಬಿಯಿಂದ ದುಡ್ಡು ಬರುವ ತನಕ ಸೋಮವಾರ ಕಾಯುತ್ತದೆಯೇ? ಭಾನುವಾರ ಬೆಳಿಗ್ಗೆಯೇ ಜಟಕಾ ಕರೆಸಿ, ಇಬ್ಬರೂ ಲಷ್ಕರ್ ಮೊಹಲ್ಲಾಕ್ಕೆ ಹೋದೆವು. ರಾಮಯ್ಯ ಗಾಬರಿಯಿಂದ ಎದ್ದು ಗೋಣಿ ಕೊಡವಿ ಹಾಸಿದರು. ಯಜಮಾನರು ಕೂರಲಿಲ್ಲ.

“ರಾಮಯ್ಯನೋರೇ, ಡ್ರಾಫ್ಟಿನ ವಿಚಾರದಲ್ಲಿ ನನ್ನ ಲೆಕ್ಕ ತಪ್ಪಿಬಿಟ್ಟಿದೆ.”

“ನಿಮ್ಮ ಲೆಕ್ಕ ತಪ್ಪಾದುಂಟೇ ಸ್ವಾಮಿ! ಅರಮನೇಲಿದ್ದೋರು!”

“ತಪ್ಪಿದೆ. ವಸಂತಮ್ಮನ ದುಡ್ಡು ವಸಂತಮ್ಮನ ಕೈಗೇ ಬಂದ್ರೇನೇ ಅಗ್ಗ. ಎಮ್ಮೆ ಮಾರಬೇಡಿ. ಉಳಿದದ್ದನ್ನ ಇವತ್ತೇ ಅವಳಿಗೆ ತಲುಪಿಸಿಬಿಡಿ.”

ಗಿರಾಕಿಗಳೆಲ್ಲ ಕೇಳುತ್ತಿದ್ದರು. ಲೆಕ್ಕ ತಪ್ಪಿದೆ ಎಂಬ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು, ನಾನು ಕಂಡ ಹಾಗೆ. ರಾಮಯ್ಯನವರ ಮುಖ ಸಣ್ಣಗಾಯಿತು. “ನಾನೇನು ತಿಂದ್ಕಂಡ್ನಾ ಸ್ವಾಮಿ? ಅವಳಿಗೆ ತೊಂದ್ರೆ ಆಗ್ದೇ ಇರ್ಲಿ ಅಂತ್ಲೇ ಮಾಡ್ದೆ,” ಎಂದರು. ಅದೂ ನಿಜವೇ. ಪೆಟ್ಟಿಗೆಯಲ್ಲಿ ಬೇರೆ ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟಿದ್ದ ದುಡ್ಡನ್ನು ಹಾಗೇ ತೆಗೆದು, ಮಧ್ಯಾಹ್ನ ತಾವೇ ಬಂದು ಕೊಟ್ಟು ಹೋದರು. ಕಾಫಿಗೂ ನಿಲ್ಲಲಿಲ್ಲ. ಬಾವನಿಗೆ ಬೇಜಾರಾಯಿತಲ್ಲ ಎಂದು ವಸಂತಮ್ಮ ಅವತ್ತೂ ಅತ್ತಳು, ಅಳುತ್ತಲೇ ಹಿಂಡಿ ತರಲು ಹೋದಳು.

ಹದಿನೈದು ದಿನಕ್ಕೆ ದೇವರಾಜುವಿನ ಕಾಗದ ಬಂತು. ಈ ಸಲ ಎರಡು ಸಾಲಲ್ಲ, ಎರಡು ಪುಟ. ಒಂದು ಕಡೆ ಹೀಗಿತ್ತು: ‘ಡ್ರಾಫ್ಟು ಅಗ್ಗವೆಂದು ನನಗೆ ಮೊದಲೇ ಗೊತ್ತಿತ್ತು ಸ್ವಾಮಿ. ಇಲ್ಲಿ ಎಲ್ಲರೂ ಅದನ್ನೇ ಮಾಡುತ್ತಾರೆ. ನನ್ನ ತಾಯಿ ಒಂದೊಂದು ಕಾಸಿಗೂ ದೊಡ್ಡಪ್ಪನ ಮುಂದೆ ನಿಂತದ್ದನ್ನು ನೋಡಿ ಬೆಳೆದವನು ನಾನು. ಅದಕ್ಕೇ ಮೂರು ಶಿಲ್ಲಿಂಗು ಹೆಚ್ಚು ಕೊಡುತ್ತಿದ್ದೆ. ಅಣ್ಣನ ವಿಷಯ ಕಾಗದದಲ್ಲಿ ಬರೆಯಲಾರದೆ, ಹಿರಿಯರ ಮಾತು ಮೀರಲಾರದೆ ಒಪ್ಪಿದೆ.’ ಯಜಮಾನರು ಅದನ್ನು ನನಗೆ ಓದಿ ಹೇಳಿದರು. ಬೀದಿಯಲ್ಲಿ ಯಾರಿಗೂ ತೋರಿಸಲಿಲ್ಲ.

ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ರಾಮಯ್ಯ ಬಂದರು. ಸೈಕಲ್ಲನ್ನು ಬೇಲಿಗೆ ಒರಗಿಸಿ, ಹಿತ್ತಲ ಬಾಗಿಲಲ್ಲಿ ನಿಂತರು. ನಾನು ಅಲ್ಲಿಯೇ ಹಾಲಿಗೆ ಪಾತ್ರೆ ಹಿಡಿದು ನಿಂತಿದ್ದೆ.

“ನಲವತ್ತು ರೂಪಾಯಿ ಬೇಕಾಗಿತ್ತವ್ವ. ಬರೋ ತಿಂಗ್ಳು ಕೊಡ್ತೀನಿ,” ಎಂದರು.

ವಸಂತಮ್ಮ ಕೈ ಒರೆಸಿಕೊಂಡು ಒಳಗೆ ಹೋಗಿ ನಾಲ್ಕು ಹತ್ತರ ನೋಟು ತಂದು ಕೊಟ್ಟಳು. ರಾಮಯ್ಯ ಅದನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ. ಇನ್ನೇನೋ ಮಾತು ಬರಬೇಕೆಂದು ಕಾಯುವವರ ಹಾಗೆ ನಿಂತೇ ಇದ್ದರು.

“ಯಾತಕ್ಕೆ ಅಂತ ಕೇಳಾಕಿಲ್ವಾ?”

“ಬೇಕು ಅಂದ್ರಲ್ಲ ಬಾವ. ಸಾಕು ಬುಡಿ.”

ರಾಮಯ್ಯ ನೋಟಿನ ಕಡೆ ನೋಡಿದರು, ಎಮ್ಮೆಯ ಕಡೆ ನೋಡಿದರು. ಆಮೇಲೆ ಮೆಲ್ಲಗೆ, “ನಾನೂ ಕೇಳ್ಬಾರ್ದಿತ್ತು ಕಣವ್ವ,” ಎಂದರು.

“ಕುಂತ್ಕಳಿ ಬಾವ, ಕಾಪಿ ಕಾಯಿಸ್ತೀನಿ,” ಎಂದಳು ವಸಂತಮ್ಮ.