ತೊಡೆಯ ಮೇಲಿನ ಕೆಂಪು

ಗಂಡ ಶನಿವಾರ ಕ್ರಿಕೆಟ್ ಆಡಿ ಬಂದ ಬಿಳಿ ಪ್ಯಾಂಟನ್ನು ಪುನಿತವತಿ ಪ್ರತಿ ಭಾನುವಾರ ಬೆಳಿಗ್ಗೆ ಒಗೆಯುತ್ತಿದ್ದಳು. ಅದರ ಬಲತೊಡೆಯ ಮೇಲೆ ಅಂಗೈಯಗಲದ ಕೆಂಪು ಕಲೆ ಇರುತ್ತಿತ್ತು. ಕ್ರಿಕೆಟ್ ಚೆಂಡನ್ನು ಅಲ್ಲೇ ಉಜ್ಜಿ ಹೊಳಪು ಕೊಡುತ್ತಾರಂತೆ. ಯಾಕೆಂದು ಅವಳು ಕೇಳಿರಲಿಲ್ಲ. ಉಪ್ಪು, ನಿಂಬೆಹೋಳು ಹಚ್ಚಿ ತಿಕ್ಕಿದರೆ ಕಲೆ ಮಾಸುತ್ತಿತ್ತು, ಪೂರ್ತಿ ಹೋಗುತ್ತಿರಲಿಲ್ಲ.

ಈ ವರ್ಷದ ಆಟಗಳು ಶುರುವಾದ ಮೇಲೆ ಕಲೆಯೇ ಇಲ್ಲ. ಬೆವರಿನ ವಾಸನೆಯೇನೋ ಇತ್ತು. ಬೆವರು ಎಲ್ಲಿ ಬೇಕಾದರೂ ಬರುತ್ತದೆ.

ಆಮೇಲೆ ಚಮಚ. ಶನಿವಾರ ರಾತ್ರಿಗಳಲ್ಲಿ ಗಂಡ ತುರೈರತ್ನಂ ಊಟಕ್ಕೆ ಚಮಚ ಕೇಳತೊಡಗಿದ.

"ಕೈಗೇನಾಯ್ತು?" ಎಂದಳು.

"ಏನಾಗುತ್ತೆ? ಸುಮ್ನೆ ಕೊಡೇ."

ಮೀನಿನ ಸಾರಿನ ಅನ್ನದಲ್ಲಿ ಚಮಚದ ತುದಿಯಿಂದ ಮುಳ್ಳು ಹುಡುಕುತ್ತಿದ್ದ ಗಂಡನನ್ನು ಅವಳು ನೋಡುತ್ತ ಕುಳಿತಳು. ಚಮಚದಲ್ಲಿ ಉಣ್ಣುವ ಯಾವುದೋ ಮನೆಯಲ್ಲಿ ಇವನಿಗೆ ಈ ಅಭ್ಯಾಸವಾಗಿದೆ ಅನ್ನಿಸಿತು. ಮಗಳು ಪೆನಾಂಗ್‌ನಲ್ಲಿ ಓದುತ್ತಿದ್ದಳು. ಮನೆಯಲ್ಲಿ ಇದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಮುಂದಿನ ಶನಿವಾರ ಅವನು ಹೊರಟ ಮೇಲೆ ಅವಳೂ ಬಸ್ಸು ಹಿಡಿದು ಸೆರೆಂಬಾನ್ ಪೇಟೆಯ ಕ್ರಿಕೆಟ್ ಮೈದಾನಕ್ಕೆ ಹೋದಳು. ಮದುವೆಯಾದ ಹೊಸತರಲ್ಲಿ ಒಮ್ಮೆ ಬಂದಿದ್ದಳು. ಒಂದು ರನ್ನೂ ಬಾರದ ಓವರಿಗೆ ಎಲ್ಲರೂ ಚಪ್ಪಾಳೆ ತಟ್ಟಿದಾಗ, "ಏನೂ ಆಗಲಿಲ್ಲವಲ್ಲ, ಯಾಕೆ?" ಎಂದು ಕೇಳಿದ್ದಳು. ಗಂಡ ಗೆಳೆಯರೊಡನೆ ಸೇರಿ ನಕ್ಕಿದ್ದ. ಆಮೇಲೆ ಬಂದಿರಲಿಲ್ಲ.

ಮರದ ಕೆಳಗೆ ಚಹಾದ ಮೇಜಿನ ಬಳಿ ವಿಕೆಟ್‌ಕೀಪರನ ಹೆಂಡತಿ ಡಲ್ಸಿ ಬಿಸಿ ಬಿಸಿ ಕರಿಪಫ್ ಕಡುಬುಗಳನ್ನು ಜೋಡಿಸುತ್ತಿದ್ದಳು.

"ಅಯ್ಯೋ ಪುನಿತಂ! ದಾರಿ ತಪ್ಪಿದ್ಯಾ? ಕೂತ್ಕೊ. ನಿನ್ನ ಯಜಮಾನ್ರೇ ಬೋಲಿಂಗ್ ಹಾಕ್ತಿದ್ದಾರೆ ನೋಡು."

ಅವನು ಅಲ್ಲೇ ಇದ್ದ. ಅವಳ ಎದೆಯ ಮೇಲಿನ ಭಾರ ಇಳಿಯಿತು. ಆದರೆ ಅಂದು ಮೈದಾನದ ಅಂಚಿನಿಂದ ಓಡಿ ಬರುತ್ತಿದ್ದವನು ಈಗ ನಾಲ್ಕು ಹೆಜ್ಜೆ ನಡೆದು, ಮೆಲ್ಲಗೆ ಕೈ ತಿರುಗಿಸುತ್ತಿದ್ದ. ಬ್ಯಾಟು ಹಿಡಿದವನು ಚೆಂಡನ್ನು ರಸ್ತೆಗೆ ಅಟ್ಟಿದ.

"ರತ್ನಂ ಅಂಕಲ್, ಬೋಲಿಂಗ್ ಮಾಡ್ತಿದ್ದೀರೋ, ಅಂಚೆ ಡಬ್ಬಿಗೆ ಕಾಗದ ಹಾಕ್ತಿದ್ದೀರೋ?" ಎಂದು ತಂಡದ ಹುಡುಗನೇ ಕೂಗಿದ. ಎಲ್ಲರೂ ನಕ್ಕರು. ತುರೈರತ್ನಂ ಕೂಡ ನಕ್ಕ.

"ಇದ್ಯಾಕೆ ಇಷ್ಟು ನಿಧಾನ?" ಪುನಿತವತಿ ಕೇಳಿದಳು.

"ಸ್ಪಿನ್ ಅಲ್ವಾ! ವೇಗದವರು ಓಡಿ ಬಂದು ಹೆದರಿಸ್ತಾರೆ. ಒಂದು ಪಕ್ಕ ಹೊಳಪಿದ್ರೆ ಚೆಂಡು ಗಾಳೀಲೇ ವಾಲುತ್ತೆ, ಅದಕ್ಕೇ ಉಜ್ಜಿ ಉಜ್ಜಿ ಪ್ಯಾಂಟು ಹಾಳು ಮಾಡ್ಕೋತಾರೆ. ಇವರದು ಬೇರೆ. 'ಬಾ, ಹೊಡಿ' ಅಂತ ನಂಬಿಸೋದು. ನೆಲಕ್ಕೆ ಬಿದ್ದ ಮೇಲೆ ತಿರುಗುತ್ತೆ. ಎಲ್ಲಾ ಬೆರಳಿನ ಕೆಲಸ. ಪಾಪ, ಅಭ್ಯಾಸ ಇಲ್ಲ ನೋಡು, ತೋರುಬೆರಳು ಸಿಪ್ಪೆ ಸುಲಿದ ಹಾಗಾಗಿದೆ. ಭುಜ ಹೋದ ಮೇಲೆ ಇನ್ನೇನು ಮಾಡ್ತಾರೆ? ಇನ್ಮೇಲೆ ಜೋರಾಗಿ ಎಸೆಯೋ ಹಾಗಿಲ್ಲ ಅಂತ ಡಾಕ್ಟ್ರು ಅಂದ ದಿನ ನಮ್ಮನೇಲಿ ಕೂತು ಅತ್ತುಬಿಟ್ರು. ನಿಂಗೆ ಹೇಳಿರ್ತಾರಲ್ಲ."

"ಹೂಂ, ಹೇಳಿದ್ರು," ಎಂದಳು ಪುನಿತವತಿ.

ಡಲ್ಸಿ ಕೊಟ್ಟ ಕರಿಪಫ್ ಕೈಯಲ್ಲೇ ತಣ್ಣಗಾಯಿತು. ಬೇರೆ ಹೆಂಗಸಿರಲಿಲ್ಲ. ಅದಕ್ಕೆ ಸಂತೋಷಪಡಬೇಕಿತ್ತು. ಇಡೀ ಮೈದಾನಕ್ಕೆ ಗೊತ್ತಿದ್ದ ನೋವು ಪಕ್ಕದಲ್ಲಿ ಮಲಗುವ ತನಗೆ ಗೊತ್ತಿರಲಿಲ್ಲ. ಅವನು ನೋಡುವ ಮೊದಲೇ ಅವಳು ಎದ್ದು ಮನೆಗೆ ಹೊರಟಳು.

ಆ ರಾತ್ರಿ ಮೀನಿನ ಮುಳ್ಳು ಬಿಡಿಸಿ, ಕೇಳುವ ಮೊದಲೇ ಚಮಚ ಇಟ್ಟಳು. ಅವನು ಚಮಚವನ್ನೊಮ್ಮೆ ನೋಡಿದ.

"ಈಗೀಗ ನಿಮ್ಮ ಪ್ಯಾಂಟು ಕೆಂಪಾಗೋದೇ ಇಲ್ವಲ್ಲ," ಎಂದಳು, ಆದಷ್ಟು ಮೃದುವಾಗಿ. ಈಗಲಾದರೂ ಹೇಳಲಿ ಎಂದು ಕಾದಳು.

ಅವನು ಉಣ್ಣುವುದನ್ನು ನಿಲ್ಲಿಸಿದ. "ಚೆಂಡು ಬೇರೆ ಕಂಪನಿದು. ಬಣ್ಣ ಬಿಡಲ್ಲ."

"ಓ."

"ಇವತ್ತು ಜೋರಾಗಿ ಹಾಕ್ದೆ. ಹುಡುಗರೆಲ್ಲ ಬೆಚ್ಚಿಬಿದ್ರು."

"ಹೌದಾ," ಎಂದು ಅವಳು ಇನ್ನಷ್ಟು ಸಾರು ಬಡಿಸಿದಳು.

ಮರುವಾರದ ಭಾನುವಾರ ಒಗೆಯಲು ತೆಗೆದ ಪ್ಯಾಂಟಿನ ಬಲತೊಡೆಯ ಮೇಲೆ ಕಲೆ ಇತ್ತು. ಅವಳ ಕೈಗೆ ಆ ಕಲೆಯ ಪರಿಚಯ ಚೆನ್ನಾಗಿತ್ತು. ದಿನವಿಡೀ ಸ್ವಲ್ಪ ಸ್ವಲ್ಪವೇ ಹತ್ತಿದ್ದು ಅಂಚಿನಲ್ಲಿ ತೆಳುವಾಗುತ್ತ ಹೋಗುತ್ತದೆ. ಇದು ಹಾಗಿರಲಿಲ್ಲ. ಎಲ್ಲೋ ಒಂದು ಕಡೆ ನಿಂತು, ಒಂದೇ ಸಲಕ್ಕೆ ಒತ್ತಿ ಬಳಿದ ಗಾಢ ಕೆಂಪು.

ಒಳಗೆ ಅವನು ರೇಡಿಯೋ ಕೇಳುತ್ತಿದ್ದ.

"ಕಲೆ ಬಂದಿದೆಯೇನೇ?" ಎಂದು ಅಲ್ಲಿಂದಲೇ ಕೂಗಿದ.

"ಬಂದಿದೆ," ಎಂದಳು ಪುನಿತವತಿ. ನಿಂಬೆಹಣ್ಣು ಹೆಚ್ಚಿಕೊಂಡು, ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕುಳಿತಳು.