ಚೆಲ್ಲೋಗೆ ಕೊಡದ ರಾಗ

ನನ್ನ ಕೆಲಸ ವಾದ್ಯವೃಂದಕ್ಕೆ ರಾಗ ಹಂಚುವುದು. ಯಾವ ಸಾಲು ಪಿಟೀಲಿಗೆ, ಯಾವುದು ಕೊಳಲಿಗೆ, ಯಾರು ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಎಂದು ಬರೆದುಕೊಡುವುದು. ಹತ್ತೊಂಬತ್ತು ವರ್ಷದಲ್ಲಿ ಒಬ್ಬರೂ ನನ್ನ ಹಾಳೆಯಲ್ಲಿ ಕೊಂಕು ತೆಗೆದಿಲ್ಲ, ಅಣ್ಣನೊಬ್ಬನನ್ನು ಬಿಟ್ಟು.

ಅಣ್ಣ ಪಿಯಾನೋ ಮೇಷ್ಟ್ರು. ಇಡೀ ಆಯುಸ್ಸಿನಲ್ಲಿ ಕಟ್ಟಿದ್ದು ಒಂದೇ ಒಂದು ಕೃತಿ. ಅವನ ಕಿವಿ ದಿನೇ ದಿನೇ ಹೋಗುತ್ತಿತ್ತು. ವರ್ಷದೊಳಗೆ ಪೂರ್ತಿ ಮುಚ್ಚುತ್ತದೆ ಎಂದು ವೈದ್ಯರು ಕೈಚೆಲ್ಲಿದ್ದರು. ಅಷ್ಟರೊಳಗೆ ಇಡೀ ವೃಂದ ಅದನ್ನು ನುಡಿಸುವುದನ್ನು ಒಮ್ಮೆ ಕೇಳಬೇಕು, ಅಷ್ಟೇ ಅವನ ಆಸೆ. ನಿರ್ದೇಶಕರ ಕೈಕಾಲು ಹಿಡಿದು ವರ್ಷದ ಕೊನೆಯ ಕಛೇರಿಯಲ್ಲಿ ಎಂಟು ನಿಮಿಷ ಗಿಟ್ಟಿಸಿದೆ.

"ರಾಗಾನ ಚೆಲ್ಲೋಗೆ ಕೊಡೇ," ಎಂದ ಅಣ್ಣ.

ಶುರುವಾಯಿತಪ್ಪ! ಚಿಕ್ಕಂದಿನಿಂದ ಇದೇ ಜಗಳ. ಅವನಿಗೆ ಮಂದ್ರದಲ್ಲಿ ಗೊಣಗುವ ಆ ದೊಡ್ಡ ಪಿಟೀಲೆಂದರೆ ಪ್ರಾಣ. ನನಗೆ ತಾರದಲ್ಲಿ ಹಾರುವ ಸಣ್ಣದೇ ಆಗಬೇಕು.

"ಶೀತ ಹಿಡಿದ ಎಮ್ಮೆ ಥರ ಕೂಗುತ್ತೆ ಕಣೋ ಅದು."

"ಎಮ್ಮೇನೇ ಇರಲಿ. ಇದೊಂದ್ಸಲ ನನ್ನ ಮಾತು ಕೇಳು ಪುಟ್ಟೀ."

ಕೇಳಿದೆನೇ? ಕಿವಿ ಮಂದವಾದವನಿಗೆ ಎತ್ತರದ ಸ್ವರವೇ ಚುರುಕಾಗಿ ಮುಟ್ಟುತ್ತದೆ ಎಂದು ನನ್ನ ಜಾಣತನ. ರಾಗವನ್ನೆಲ್ಲ ಪಿಟೀಲು, ಕೊಳಲುಗಳಿಗೆ ಬರೆದೆ, ಅದೂ ತಾರಸ್ಥಾಯಿಯ ತುತ್ತತುದಿಯಲ್ಲಿ. ಚೆಲ್ಲೋಗಳಿಗೆ ಕೆಳಗೆ ಒಂದೇ ಸ್ವರ ಎಳೆಯುತ್ತಾ ಕೂರುವ ಕೆಲಸ. ತಕರಾರು ತೆಗೆಯುತ್ತಾನೆಂದು ಅವನಿಗೆ ಹಾಳೆ ತೋರಿಸಲಿಲ್ಲ.

ಕಛೇರಿಯಲ್ಲಿ ಅವನ ಪಕ್ಕದಲ್ಲೇ ಕುಳಿತೆ. ಪಿಟೀಲುಗಳು ರಾಗ ಎತ್ತಿಕೊಂಡಾಗ ನನಗೇ ಮೈ ಜುಮ್ಮೆಂದಿತು. ಅಣ್ಣ ಕತ್ತು ಮುಂದೆ ಚಾಚಿ, ಬಾಗಿಲ ಬಳಿ ಯಾರನ್ನೋ ಕಾಯುವವನಂತೆ ಕಾಯುತ್ತಲೇ ಇದ್ದ. ಎಂಟು ನಿಮಿಷ ಮುಗಿಯಿತು. ಜನ ಎದ್ದುನಿಂತು ಚಪ್ಪಾಳೆ ಹೊಡೆದರು.

ಅವನು ನನ್ನತ್ತ ಬಾಗಿ, "ರಾಗ ಯಾಕೆ ಬಿಟ್ಟೆ?" ಎಂದು ಕೇಳಿದ.

ನಾನು ಪಿಟೀಲಿನವರತ್ತ ಕೈ ತೋರಿಸಿದೆ. ಅವನ ಮುಖ ಇಳಿದುಹೋಯಿತು.

"ನಗಾರಿ ಕೇಳಿಸ್ತು. ಕೆಳಗಿನ ಎಳೆತ ಕೇಳಿಸ್ತು. ಮೇಲಿನ ಸ್ವರ ಎಲ್ಲಾ ಹೋಗಿ ಆರು ತಿಂಗಳಾಯ್ತು ಕಣೇ. ಅದಕ್ಕೇ ಚೆಲ್ಲೋ ಅಂದಿದ್ದು."

ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಅವನ ಮೇಲೆಯೇ ಸಿಟ್ಟು ಬಂತು. ಅರ್ಧ ಪಿಯಾನೋ ಕೇಳಿಸದ ಮೇಷ್ಟ್ರ ಹತ್ತಿರ ಪಾಠಕ್ಕೆ ಯಾರು ಬರುತ್ತಾರೆ? ಅದಕ್ಕೇ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದ. ಆದರೆ ನಾನು ಯಾರೋ ಅಲ್ಲವಲ್ಲ, ಯಾಕೆಂದು ಒಂದು ಮಾತು ಕೇಳಬಹುದಿತ್ತು. ಹಾಳು ಹಟ ನನ್ನದು.

ಆ ವಾರವೇ ಎಲ್ಲವನ್ನೂ ಚೆಲ್ಲೋಗೆ ತಿರುಗಿಸಿ ಬರೆದೆ. "ಮುಂದಿನ ವರ್ಷ ನೋಡೋಣಮ್ಮ," ಎಂದರು ನಿರ್ದೇಶಕರು. ವೃಂದ ರಜೆಗೆ ಚದುರಿತು. ವೃಂದದಲ್ಲಿ ಚೆಲ್ಲೋ ನುಡಿಸುವಾಕೆ ರಜೆ ಮುಗಿಸಿ, ನನ್ನ ಮಾತಿಗೆ ಒಪ್ಪಿ ನಮ್ಮ ಮನೆಗೆ ಬರುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು. ಅಷ್ಟರಲ್ಲಾಗಲೇ ಅಣ್ಣನಿಗೆ ಏನು ಹೇಳಬೇಕಿದ್ದರೂ ನಾನು ಚೀಟಿಯಲ್ಲಿ ಬರೆಯಬೇಕಾಗಿತ್ತು.

ಆಕೆ ಅವನೆದುರಿಗೇ ಕುಳಿತು ರಾಗವನ್ನು ಮೊದಲಿನಿಂದ ಕೊನೆಯವರೆಗೂ ನುಡಿಸಿದಳು. ಅವನು ವಾದ್ಯದ ಮೈಮೇಲೆ ಅಂಗೈ ಇಟ್ಟುಕೊಂಡಿದ್ದ.

"ಅದುರ್ತಾ ಇದೆ," ಎಂದ. ಆಮೇಲೆ ನನ್ನ ಮುಖ ನೋಡಿ, "ಚೆನ್ನಾಗಿದೆಯೇನೇ?" ಎಂದು ಕೇಳಿದ.