ಇಂಟರ್‌ವಲ್ ನಂತರದ ಕತೆ

ಗಂಡನ ಹೆಣಕ್ಕೆ ಉಡಿಸಲು ಹೊಸ ಪಂಚೆ ಬೇಕೆಂದು ಪ್ರೇಮಾವತಿ ಟ್ರಂಕಿನೊಳಗೆ ಕೈಹಾಕಿ ಎಳೆದಾಗ, ಪಂಚೆಯ ಜೊತೆ ಏಳು ನೋಟುಪುಸ್ತಕಗಳೂ ದಬದಬನೆ ನೆಲಕ್ಕೆ ಬಿದ್ದವು. ಒಂದು ಬಿಚ್ಚಿಕೊಂಡಿತು. ಒಳಗಿದ್ದುದು ಕನ್ನಡವಲ್ಲ, ಇಂಗ್ಲಿಷೂ ಅಲ್ಲ. ಚೌಕ ಚೌಕವಾಗಿ, ಕಡ್ಡಿ ಜೋಡಿಸಿದ ಹಾಗೆ ಹಸಿರು ಶಾಯಿಯ ಗೀಟುಗಳು, ನಡುನಡುವೆ ಕೆಂಪು ಗುರುತು.

ಬೆಳ್ತಂಗಡಿಯಿಂದ ಮೊದಲ ಬಸ್ಸಿಗೆ ಬಂದಿದ್ದ ಗಂಡನ ಅಣ್ಣ ನೋಣಯ್ಯ ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

“ಇದು ಯಂತ್ರ ಬರೆದದ್ದು. ನನ್ನ ತಮ್ಮನಿಗೆ ಯಾರೋ ಮಾಟ ಮಾಡಿಸಿದ್ದಾರೆ. ಇಲ್ಲದಿದ್ದರೆ ನಲವತ್ತಾರು ವರ್ಷದ ಗಟ್ಟಿ ಆಳು ಕಾರ್ಖಾನೆಯ ಗೇಟಿನಲ್ಲಿ ಕುಸಿದು ಬೀಳುವುದುಂಟಾ? ಅವನೊಟ್ಟಿಗೇ ಸುಟ್ಟುಬಿಡುವ.”

“ಶಾಯಿ ಇವರದ್ದೇ ಭಾವ,” ಎಂದಳು ಪ್ರೇಮಾವತಿ. ಹತ್ತೊಂಬತ್ತು ವರ್ಷ ಜೊತೆಗಿದ್ದವನು ಇಂಥದ್ದೊಂದನ್ನು ಬರೆಯುತ್ತಿದ್ದನೆಂದರೆ, ತಾನು ಯಾರ ಜೊತೆ ಸಂಸಾರ ಮಾಡಿದೆ ಎಂದು ಅವಳಿಗೆ ದಿಗಿಲಾಯಿತು. ನೋಣಯ್ಯ ಪುಸ್ತಕಗಳನ್ನು ಎರಡು ಬೆರಳಲ್ಲಿ ಹಿಡಿದು ಕೊಂಡೊಯ್ದು ಅಂಗಳದಲ್ಲಿ ಚಿತೆಗೆಂದು ಒಟ್ಟಿದ್ದ ಸೌದೆಯ ರಾಶಿಯ ಮೇಲಿಟ್ಟ.

*

ಗಂಡ ಪದ್ಮಯ್ಯ ಫರಂಗಿಪೇಟೆಯ ಹಂಚಿನ ಕಾರ್ಖಾನೆಯಲ್ಲಿ ಟೈಂಕೀಪರ್. ಬಡಿಸಿದ್ದನ್ನು ಉಂಡು, ಕರೆದರೆ ಓಗೊಡುವ ಜನ. ಸಿನಿಮಾ ಮಾತ್ರ ಅವನಿಗೆ ಆಗುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿಯ ಜೊತೆ ಬಂಟ್ವಾಳದ ಟಾಕೀಸಿಗೆ ಹೋಗಿ, ತಲೆನೋವು ಎದ್ದು, ಪಕ್ಕದವನ ಚಪ್ಪಲಿಯ ಮೇಲೆ ವಾಂತಿ ಮಾಡಿಬಂದವನು ಮತ್ತೆ ಆ ಕಡೆ ತಲೆಹಾಕಲಿಲ್ಲ.

ಪ್ರೇಮಾವತಿ ನೆರೆಮನೆಯ ಸೇಸಮ್ಮನ ಜೊತೆ ಭಾನುವಾರದ ಮ್ಯಾಟಿನಿಗೆ ಹೋಗುತ್ತಿದ್ದಳು. ಬಂದು ಬೀಡಿ ಕಟ್ಟುತ್ತಾ ಪೂರ್ತಿ ಕತೆ ಹೇಳುವಳು, ಹೊಡೆದಾಟ, ಅಳು ಒಂದನ್ನೂ ಬಿಡದೆ. ಪದ್ಮಯ್ಯ ಬೆನ್ನು ಹಾಕಿ ಕೂತು ಏನೋ ಬರೆಯುತ್ತಿರುವನು. ಕಾರ್ಖಾನೆಯ ಹಾಜರಿ ಪಟ್ಟಿ ಇರಬೇಕೆಂದುಕೊಂಡಿದ್ದಳು. ಹ್ಞೂಂ ಎಂಬ ಒಂದು ಶಬ್ದವೂ ಆ ಬೆನ್ನಿನಿಂದ ಬರುತ್ತಿರಲಿಲ್ಲ.

“ಗೋಡೆಗೆ ಹೇಳಿದ ಹಾಗೆ,” ಎಂದು ಸೇಸಮ್ಮನ ಹತ್ತಿರ ದೂರುತ್ತಿದ್ದಳು.

*

ಮೀಯಿಸಿ, ಉಡಿಸಿ, ಚಟ್ಟಕ್ಕೆ ಹಗ್ಗ ಬಿಗಿಯುವ ಹೊತ್ತಿಗೆ ಪೋಸ್ಟ್‌ಮಾಸ್ಟರ್ ಚಿನ್ನಯ್ಯ ಬಂದ. ಕೈಯಲ್ಲಿ ನೀಲಿ ಬಣ್ಣದ ಪರದೇಶದ ಕಾಗದ. ಸೌದೆಯ ಮೇಲಿನ ಪುಸ್ತಕ ಕಂಡು ಗಕ್ಕನೆ ನಿಂತ. ಮಾಟದ ಪುಸ್ತಕವೆಂದು ನೋಣಯ್ಯ ಹೇಳಿದ.

“ಅದು ಮಾಟ ಅಲ್ಲ ಪ್ರೇಮಕ್ಕ. ಜಪಾನಿ ಭಾಷೆ. ಅಲ್ಲಿಯ ರೇಡಿಯೋದವರು ಪುಕ್ಕಟೆ ಪಾಠಪುಸ್ತಕ ಕಳಿಸಿದ್ದರು, ಅಲ್ಲಿಂದ ಶುರು. ಎಂಟು ವರ್ಷ ಆಯ್ತು. ಇವರು ಬರೆದು ಕಳಿಸುವುದು, ಅಲ್ಲಿಯ ಒಬ್ಬರು ಮುದುಕಿ ಟೀಚರ್ ತಿದ್ದಿ ವಾಪಸು ಕಳಿಸುವುದು. ಗೊತ್ತಾದರೆ ಎಲ್ಲರೂ ನಗ್ತಾರೆ, ಮನೆಯಲ್ಲಿ ಹೇಳ್ಬೇಡಿ ಅಂದಿದ್ದರು.”

“ಏನು ಬರೀತಿದ್ದರು?”

“ತನಗೆ ಇಷ್ಟವಾದ ಸಿನಿಮಾಗಳ ವಿಷಯ.”

“ಟಾಕೀಸಿನ ಬಾಗಿಲು ನೋಡದವನಿಗೆ ಇಷ್ಟದ ಸಿನಿಮಾ ಎಲ್ಲಿಂದ ಬಂತು ಮಾರಾಯ?” ಎಂದ ನೋಣಯ್ಯ.

ಚಿನ್ನಯ್ಯ ಕಾಗದ ಒಡೆದು, ಇಂಗ್ಲಿಷಿನಲ್ಲಿದ್ದುದನ್ನು ನಿಧಾನವಾಗಿ ಕನ್ನಡಕ್ಕೆ ತಿರುಗಿಸಿ ಹೇಳಿದ.

“‘ಪದ್ಮಯ್ಯನವರೇ, ನೀವು ಈವರೆಗೆ ನೂರಹನ್ನೆರಡು ಸಿನಿಮಾಗಳ ಬಗ್ಗೆ ಬರೆದಿದ್ದೀರಿ. ಪ್ರತಿಯೊಂದರ ಕೊನೆಗೂ, ಇದನ್ನು ನನ್ನ ಹೆಂಡತಿ ಹೇಳಿದಳು, ಎಂದು ಬರೆಯುತ್ತೀರಿ. ಆದರೆ ದೋಣಿಯ ಸಿನಿಮಾ ಇಂಟರ್‌ವಲ್ಲಿಗೇ ನಿಂತಿದೆ. ಹೆಂಡತಿ ಸಿಟ್ಟಾಗಿದ್ದಾಳೆ, ಉಳಿದದ್ದನ್ನು ಹೇಗೆ ಕೇಳುವುದೆಂದು ತಿಳಿಯುವುದಿಲ್ಲ ಎಂದಿದ್ದೀರಿ. ದಯವಿಟ್ಟು ಕೇಳಿ. ನಾನೂ ಕಾಯುತ್ತಿದ್ದೇನೆ.’”

ಪ್ರೇಮಾವತಿಗೆ ಅಳು ಬರಲಿಲ್ಲ. ನಿಂತಲ್ಲೇ ಕಂಬ ಹಿಡಿದುಕೊಂಡಳು. ನೋಣಯ್ಯ ಪುಸ್ತಕಗಳನ್ನು ಸೌದೆಯಿಂದ ತೆಗೆದು ಒಳಗಿಟ್ಟು ಬಂದ.

*

ಎರಡು ತಿಂಗಳ ಹಿಂದಿನ ಮಾತು. ಹುಡುಗಿ ದೋಣಿ ಹತ್ತುವಲ್ಲಿಯವರೆಗೆ ಕತೆ ಹೇಳಿ ತಲೆಯೆತ್ತಿದರೆ, ಅದೇ ಬೆನ್ನು. ಆ ದಿನ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಬೀಡಿಯ ಮೊರವನ್ನು ಕುಕ್ಕಿ, “ಇನ್ನು ನಿಮಗೆ ಒಂದು ಕತೆಯನ್ನೂ ನಾನು ಹೇಳುವುದಿಲ್ಲ,” ಎಂದಿದ್ದಳು.

ಪದ್ಮಯ್ಯನ ಪೆನ್ನು ನಿಂತಿತು. ತಿರುಗಿದ. ಬಾಯಿ ತೆರೆದ. ಕುಡಿಯಲು ನೀರು ಕೇಳಿದ.

ಅವಳು ನೀರು ಕೊಟ್ಟಳು. ಆಮೇಲೆ ಹೇಳಿದ ಮಾತಿಗೆ ಸರಿಯಾಗಿ ನಡೆದುಕೊಂಡಳು.

*

“ಎತ್ತುವ. ಬಿಸಿಲೇರ್ತದೆ,” ಎಂದ ನೋಣಯ್ಯ. ನಾಲ್ವರು ಚಟ್ಟಕ್ಕೆ ಬಗ್ಗಿದರು.

“ಸ್ವಲ್ಪ ನಿಲ್ಲಿ ಭಾವ.”

ಪ್ರೇಮಾವತಿ ಬಂದು ಗಂಡನ ತಲೆಯ ಹತ್ತಿರ ಕೂತಳು. ಅವನ ಕಿವಿಯ ಹತ್ತಿರ ಬಾಗಿದಳು.

“ಆ ಹುಡುಗಿ ದೋಣಿ ಹತ್ತಿದಳಲ್ಲ? ದೋಣಿಯವನು ಕಳ್ಳ ಅಂತ ಅವಳಿಗೆ ಗೊತ್ತಿಲ್ಲ. ಹೊಳೆಯ ನಡುವಿಗೆ ಬಂದ ಮೇಲೆ ಅವನು, ಬಳೆ ತೆಗಿ ಅಂತಾನೆ...”

ಬಂದ ಹೆಂಗಸರು ಮುಖ ಮುಖ ನೋಡಿಕೊಂಡರು. ಇವಳಿಗೆ ತಲೆ ಕೆಟ್ಟಿತೆಂದೇ ಒಬ್ಬಳು ತೋಳು ಹಿಡಿದು ಎಬ್ಬಿಸಲು ನೋಡಿದಳು. ಅವಳನ್ನು ಸೇಸಮ್ಮ ತಡೆದಳು.

“ಅದಕ್ಕೆ ಮೊದಲು ಅವಳು ಹಾಡುವ ಒಂದು ಪದ್ಯ ಉಂಟು, ಪ್ರೇಮಾ,” ಎಂದಳು ಸೇಸಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ.

“ಹೌದಲ್ಲ. ಬಿಟ್ಟುಹೋಯ್ತು.”

ಚಟ್ಟ ಹಿಡಿದ ನಾಲ್ವರು ಕೈ ಬಿಟ್ಟು ನೆಟ್ಟಗೆ ನಿಂತರು. ನೋಣಯ್ಯ ಕೈಯಲ್ಲಿದ್ದ ಬೆಂಕಿಯ ಮಡಕೆಯನ್ನು ಕೆಳಗಿಟ್ಟು ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತ. ಅವಳು ಪದ್ಯದಿಂದ ಶುರುಮಾಡಿದಳು.